ಮೂಗುದಾರದಿಂದ ಸರ್ವೊವರೆಗೆ

ಹಿಂದೆ ಮಾನ್ವಿ ತಾಲ್ಲೂಕಿನಲ್ಲಿದ್ದು ಈಗ ಸಿರವಾರ ತಾಲ್ಲೂಕಿಗೆ ಸೇರಿರುವ ಕವಿತಾಳವು, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ, ಶಾಸನಗಳಲ್ಲಿ ಎಡೆದೊರೆ ಎಂದು ಹೆಸರಾದ ನಾಡಿನ ಊರು. ಈ ಎರೆಭೂಮಿಯಲ್ಲಿ ವಾಹನವನ್ನು ಬೇಕಾದತ್ತ ತಿರುಗಿಸುವ ವಿದ್ಯೆ ಬಹುಕಾಲ ಚಕ್ಕಡಿಯದೇ ಆಗಿತ್ತು. ಚಕ್ಕಡಿಗೆ ಇರುವುದು ಎರಡೇ ಗಾಲಿ. ಅದರ ಅಚ್ಚು ತಿರುಗುವುದಿಲ್ಲ, ಗಾಲಿಗಳು ಮಾತ್ರ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ಉರುಳುತ್ತವೆ. ಆದ್ದರಿಂದ ಒಂದೆತ್ತನ್ನು ತಡೆದು ಇನ್ನೊಂದನ್ನು ಮುಂದಕ್ಕೆ ಬಿಟ್ಟರೆ ನೊಗ ಓರೆಯಾಗಿ, ಅದಕ್ಕೆ ಬಿಗಿದ ಮೂಕಿ ಬಂಡಿಯನ್ನೇ ಹೊರಳಿಸುತ್ತದೆ. ಬಂಡಿ ಹೊಡೆಯುವವನ ಕೈಯಲ್ಲಿದ್ದ ಹಗ್ಗ ಆಜ್ಞೆಯನ್ನು ಮೂಗುದಾರಕ್ಕೆ ಒಯ್ಯುತ್ತಿತ್ತು. ಎತ್ತು ಎಷ್ಟು ಹೊರಳಿತು, ಎಲ್ಲಿ ತಡೆಯಿತು ಎಂಬುದನ್ನು ಅದೇ ಹಗ್ಗ ಕೈಗೆ ಮರಳಿ ತಿಳಿಸುತ್ತಿತ್ತು. ದಿಕ್ಕು ತಿರುಗಿಸುವ ಯಂತ್ರಗಳ ಚರಿತ್ರೆಯೆಲ್ಲ ಈ ಮರಳಿ ಬರುವ ಸುದ್ದಿಯನ್ನು ಕಾಪಾಡಿಕೊಳ್ಳುವ ಪ್ರಯತ್ನದ ಚರಿತ್ರೆ ಎಂದರೆ ತಪ್ಪಾಗದು.

ನಾಲ್ಕು ಗಾಲಿಯ ವಾಹನದಲ್ಲಿ ತೊಡಕು ಬೇರೆ. ತಿರುವಿನ ಒಳಬದಿಯ ಗಾಲಿ ಹೊರಬದಿಯದಕ್ಕಿಂತ ಹೆಚ್ಚು ಓರೆಯಾಗದಿದ್ದರೆ ಗಾಲಿಗಳು ನೆಲವನ್ನು ಉಜ್ಜುತ್ತವೆ. ಇದಕ್ಕೆ ಪರಿಹಾರವಾದ ಜೋಡಣೆಯನ್ನು ಮ್ಯೂನಿಕ್‌ನ ಬಂಡಿ ತಯಾರಕ ಗೆಯೋರ್ಗ್ ಲಾಂಕೆನ್ಸ್‌ಪೆರ್ಗರ್ 1817ರಲ್ಲಿ ರೂಪಿಸಿದನು; ಮರುವರ್ಷ ಲಂಡನ್ನಿನಲ್ಲಿ ಅವನ ಪರವಾಗಿ ಹಕ್ಕುಪತ್ರ ಪಡೆದ ರುಡಾಲ್ಫ್ ಆಕರ್‌ಮನ್‌ನ ಹೆಸರೇ ಅದಕ್ಕೆ ಉಳಿದುಕೊಂಡಿತು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಸಿಂಧನೂರು, ಮಾನ್ವಿ ಸೀಮೆಗೆ ನೀರು ಬಂದು, ಭತ್ತದ ಬೇಸಾಯದೊಂದಿಗೆ ಟ್ರ್ಯಾಕ್ಟರು ಹೆಚ್ಚಿದಾಗ ಇದೇ ತತ್ತ್ವ ಈ ಹೊಲಗಳಿಗೂ ಇಳಿಯಿತು. ಕೆಸರುಗದ್ದೆಯಲ್ಲಿ ಮುಂದಿನ ಗಾಲಿಗಳು ತಿರುಗಿದರೂ ಹಿಡಿತ ಸಿಗದೆ ಟ್ರ್ಯಾಕ್ಟರು ನೇರವಾಗಿಯೇ ಜಾರುವಾಗ, ಚಾಲಕನು ಒಂದೇ ಬದಿಯ ಹಿಂದಿನ ಗಾಲಿಗೆ ಬ್ರೇಕು ಒತ್ತಿ ತಿರುಗಿಸುತ್ತಾನೆ; ಒಂದೆತ್ತನ್ನು ತಡೆದು ಇನ್ನೊಂದನ್ನು ಬಿಡುವ ಚಕ್ಕಡಿಯ ಉಪಾಯವೇ ಇಲ್ಲಿ ಪೆಡಲಿನ ರೂಪದಲ್ಲಿ ಮುಂದುವರಿದಿದೆ.

ಮನುಷ್ಯನ ತೋಳಿಗೆ ಮೀರಿದ ಭಾರವನ್ನು ತಿರುಗಿಸಬೇಕಾದುದು ಮೊದಲು ಹಡಗುಗಳಲ್ಲಿ. ಗ್ರೇಟ್ ಈಸ್ಟರ್ನ್ ಎಂಬ ದೈತ್ಯ ಹಡಗಿಗೆ ಮ್ಯಾಕ್‌ಫರ್ಲೇನ್ ಗ್ರೇ 1860ರ ದಶಕದಲ್ಲಿ ಉಗಿಯಂತ್ರದ ಚುಕ್ಕಾಣಿ ಅಳವಡಿಸಿದನು. ಚುಕ್ಕಾಣಿ ಕೇಳಿದಷ್ಟು ತಿರುಗಿದೊಡನೆ ಉಗಿ ತಾನಾಗಿ ನಿಲ್ಲುವಂತೆ ಅದರ ರಚನೆಯಿತ್ತು. ಫ್ರಾನ್ಸಿನ ಜೋಸೆಫ್ ಫಾರ್ಕೊ 1873ರ ತನ್ನ ಗ್ರಂಥದಲ್ಲಿ ಇಂಥ ವಿಧೇಯ ಯಂತ್ರವನ್ನು ಸರ್ವೊ ಮೋಟಾರು ಎಂದು ಕರೆದನು. ಲ್ಯಾಟಿನ್ನಿನಲ್ಲಿ ಸೆರ್ವುಸ್ ಎಂದರೆ ಆಳು. 1898ರಲ್ಲಿ ನ್ಯೂಯಾರ್ಕಿನಲ್ಲಿ ನಿಕೋಲಾ ಟೆಸ್ಲಾ ತಂತಿಯಿಲ್ಲದೆ ನಡೆಸಿದ ಪುಟ್ಟ ದೋಣಿಯಿಂದ, 1976ರಲ್ಲಿ ಜಪಾನಿನ ತಮಿಯಾ ಕಂಪನಿ ಹೊರತಂದ ಪೋರ್ಷೆ 934 ಮಾದರಿ ಕಾರಿನವರೆಗೆ ಸಾಗಿ, ರೇಡಿಯೊ ಆಜ್ಞೆ ಹವ್ಯಾಸಿಗಳ ಕೈಗೆ ಬಂದಿತು.

ಮಾದರಿ ಕಾರಿನ ಸರ್ವೊ ಬೆಂಕಿಪೊಟ್ಟಣದ ಗಾತ್ರದ ಡಬ್ಬಿ. ಅದರೊಳಗೆ ಸಣ್ಣ ಮೋಟಾರು, ವೇಗ ತಗ್ಗಿಸಿ ಬಲ ಹೆಚ್ಚಿಸುವ ಹಲ್ಲುಗಾಲಿಗಳು, ಹೊರಗೆ ಚಾಚಿದ ತೋಳು ಎಷ್ಟು ತಿರುಗಿದೆ ಎಂಬುದನ್ನು ವಿದ್ಯುತ್ತಿನ ಏರಿಳಿತವಾಗಿ ತಿಳಿಸುವ ಪೊಟೆನ್ಷಿಯೋಮೀಟರು, ಮತ್ತು ಆಜ್ಞೆಯನ್ನೂ ಸ್ಥಿತಿಯನ್ನೂ ಹೋಲಿಸಿ ಅಂತರ ಅಳಿಯುವವರೆಗೆ ಮೋಟಾರನ್ನು ಓಡಿಸುವ ಸಣ್ಣ ಸರ್ಕಿಟ್ ಇರುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ 50 ಬಾರಿ ಬರುವ ಆಜ್ಞೆಯ ಮಿಡಿತ 1.5 ಮಿಲಿಸೆಕೆಂಡು ಉದ್ದವಿದ್ದರೆ ಗಾಲಿ ನೇರ; 1ರ ಅಥವಾ 2ರ ಕಡೆಗೆ ಸರಿದರೆ ಒಂದೊಂದು ಬದಿಗೆ ತಿರುವು.

ದೋಷ ಹುಡುಕುವವರು ಇಲ್ಲಿಯೂ ಚಕ್ಕಡಿಯವನ ಕ್ರಮವನ್ನೇ ಅನುಸರಿಸಬೇಕು: ಎತ್ತನ್ನು ದೂರುವ ಮೊದಲು ಅಚ್ಚಿಗೆ ಕೀಲೆಣ್ಣೆ ಇದೆಯೇ ಎಂದು ನೋಡಬೇಕು. ಸರ್ವೊ ತೋಳನ್ನು ಗಾಲಿಗಳಿಗೆ ಜೋಡಿಸುವ ಸಲಾಕೆಯನ್ನು ಬಿಡಿಸಿ ಮುಂದಿನ ಗಾಲಿಗಳನ್ನು ಬೆರಳಿನಿಂದ ತಿರುಗಿಸಿದರೆ, ಬಿಗಿತವಿದ್ದಲ್ಲಿ ದೋಷ ಕೀಲುಗಳದ್ದು. ಗಾಲಿ ಸಲೀಸಾಗಿ ತಿರುಗಿಯೂ ಸರ್ವೊ ಸೋಲುತ್ತಿದ್ದರೆ, ಅಥವಾ ವೇಗ ಏರಿಸಿದೊಡನೆ ತಿರುವು ತಡವರಿಸಿದರೆ, ಬ್ಯಾಟರಿಯ ವೋಲ್ಟೇಜು ಕುಸಿಯುತ್ತಿದೆಯೇ ಎಂದು ಪರೀಕ್ಷಿಸುವುದು ಸರಿ. ಪೂರ್ತಿ ತಿರುಗಿಸಿದಾಗ ಮಾತ್ರ ಗುಂಯ್‌ಗುಡುತ್ತಿದ್ದರೆ, ಗಾಲಿಗೆ ಸಾಧ್ಯವಾದ ಓರೆಗಿಂತ ಹೆಚ್ಚನ್ನು ರಿಮೋಟು ಕೇಳುತ್ತಿದೆ. ಮಿತಿಯನ್ನು ತಗ್ಗಿಸದಿದ್ದರೆ ಮೋಟಾರು ಸುಡುತ್ತದೆ. ಕಲ್ಲಿಗೆ ಬಡಿದ ಮೇಲೆ ಕಟಕಟ ಸದ್ದಾದರೆ ಹಲ್ಲು ಮುರಿದಿರುವ ಸಂಭವವೇ ಹೆಚ್ಚು. ಇಂಥ ಪೆಟ್ಟನ್ನು ನುಂಗಲೆಂದೇ ಸರ್ವೊ ಮತ್ತು ಗಾಲಿಗಳ ನಡುವೆ ಸ್ಪ್ರಿಂಗಿನ ಕಾವಲು ಇಡುತ್ತಾರೆ.

ಎಲ್ಲಕ್ಕಿಂತ ಮೋಸಗೊಳಿಸುವ ದೋಷವೆಂದರೆ ನೇರ ಓಡುವಾಗ ತೋಳು ನಡುಗುವುದು. ಕಾರು ಬಹುಪಾಲು ನೇರವಾಗಿಯೇ ಓಡುವುದರಿಂದ ಪೊಟೆನ್ಷಿಯೋಮೀಟರಿನ ಪಟ್ಟಿ ನಟ್ಟನಡುವೆಯೇ ಮೊದಲು ಸವೆಯುತ್ತದೆ; ಅಲ್ಲಿಂದ ಬರುವ ಸುದ್ದಿ ಕಡಿದು ಕಡಿದು ಬರುವಾಗ, ವಿಧೇಯ ಮೋಟಾರು ಇಲ್ಲದ ತಪ್ಪನ್ನು ತಿದ್ದುತ್ತ ಅತ್ತಿತ್ತ ತುಯ್ಯುತ್ತದೆ. ರಿಮೋಟಿನ ಆಜ್ಞೆ ಪಡೆಯುವ ರಿಸೀವರಿನಲ್ಲಿ ಅದೇ ಜಾಗಕ್ಕೆ ಬೇರೆ ಸರ್ವೊ ಸಿಕ್ಕಿಸಿ ನೋಡಿದಾಗ ನಡುಕ ನಿಂತರೆ, ಹಳೆಯದನ್ನು ಬದಲಿಸುವುದೇ ಉಚಿತ.