ವಾಡಿ ಹಾದಿಯ ಜ್ವರ

ಮುಂಬಯಿಯಿಂದ ರಾಯಚೂರಿನವರೆಗಿನ ರೈಲುಹಾದಿ 1871ರಲ್ಲಿ ಪೂರ್ಣಗೊಂಡು, ಮೂರು ವರ್ಷಗಳ ತರುವಾಯ ವಾಡಿಯಿಂದ ಕವಲೊಡೆದ ನಿಜಾಮರ ಹಾದಿಯು ಚಿತ್ತಾಪುರ, ಸೇಡಂಗಳನ್ನು ದಾಟಿ ಸಿಕಂದರಾಬಾದನ್ನು ಸೇರಿದಾಗ, ಶಹಾಬಾದಿನ ಹಾಸುಗಲ್ಲು ದೂರದೂರುಗಳ ಅಂಗಳವನ್ನು ಮುಟ್ಟುವುದು ಸುಲಭವಾಯಿತು. ಜ್ವರವೂ ಅದೇ ಬಂಡಿಯನ್ನೇರಬಹುದೆಂದು ಆಗ ಯಾರೂ ಎಣಿಸಿರಲಾರರು. 1918ರ ಜೂನಿನಲ್ಲಿ ಮುಂಬಯಿಯ ಹಡಗುಕಟ್ಟೆಯ ಪೋಲೀಸರನ್ನು ಹಾಸಿಗೆ ಹಿಡಿಸಿದ ಇನ್‌ಫ್ಲುಯೆಂಜಾ, ಸೆಪ್ಟೆಂಬರದ ಹೊತ್ತಿಗೆ ಇಮ್ಮಡಿ ಕ್ರೌರ್ಯದಿಂದ ಮರಳಿ, ರೈಲುಹಾದಿಗಳ ಗುಂಟ ದೇಶದೊಳಕ್ಕೆ ವ್ಯಾಪಿಸಿತು. ಮುಂಗಾರು ಕೈಕೊಟ್ಟ ವರ್ಷ ಅದು. ಕೊಡ್ಲಿ, ಚಿಂಚೋಳಿಗಳ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ಕಾಲವೂ ಅದೇ. ಇಪ್ಪತ್ತರಿಂದ ನಲವತ್ತರೊಳಗಿನವರನ್ನೇ ಆರಿಸಿಕೊಂಡಂತೆ ಕೊಂದ ಈ ಬ್ಯಾನಿಗೆ, ಕೂರಿಗೆ ಹಿಡಿಯುವ ತೋಳೂ ಬೀಜ ಬಿಡುವ ಕೈಯೂ ಮೊದಲ ತುತ್ತು. ಹೈದರಾಬಾದು ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 1 ಕೋಟಿ 34 ಲಕ್ಷವಿದ್ದುದು 1921ರಲ್ಲಿ 1 ಕೋಟಿ 25 ಲಕ್ಷಕ್ಕೆ ಇಳಿದುದರಲ್ಲಿ ಕ್ಷಾಮದ ಪಾಲೂ ಉಂಟು. ಆದರೂ ಹಿರಿಯ ಪಾಲು ಜ್ವರದ್ದೆಂದೇ ನನ್ನ ಎಣಿಕೆ.

ಅಂದಿನ ವೈದ್ಯರು ಬ್ಯಾಕ್ಟೀರಿಯವೊಂದನ್ನು ದೂಷಿಸುತ್ತಿದ್ದರು. ಮನುಷ್ಯರ ಇನ್‌ಫ್ಲುಯೆಂಜಾದ ವೈರಾಣು ಕೈಗೆ ಸಿಕ್ಕುದು 1933ರಲ್ಲಿ. ಎಂಟು ತುಣುಕು ಆರ್‌ಎನ್‌ಎ ಹೊತ್ತುಬರುವ ಈ ವೈರಾಣು, ಒಲೆಯನ್ನೂ ಪಾತ್ರೆಯನ್ನೂ ಮನೆಯವರಿಂದಲೇ ಕಸಿದುಕೊಂಡು ಉಣ್ಣುವ ನಿರ್ಲಜ್ಜ ಅತಿಥಿ. ಅದರ ಮೈಮೇಲಿನ ಮುಳ್ಳನ್ನು ನಮ್ಮ ಶ್ವಾಸನಾಳದ ಪ್ರೋಟೀನೇ ಕತ್ತರಿಸಿ ಸಜ್ಜುಗೊಳಿಸಬೇಕು. ಜೀವಕೋಶದ ಕೇಂದ್ರದೊಳಗೆ ತನ್ನ ಪ್ರತಿಗಳನ್ನು ತೆಗೆಯಲು ಎಎನ್‌ಪಿ32ಎ ಎಂಬ ನಮ್ಮದೇ ಪ್ರೋಟೀನಿನ ಆಸರೆ ಬೇಕು. ಹಕ್ಕಿಗಳಲ್ಲಿ ಇದೇ ಪ್ರೋಟೀನು 33 ಅಮೈನೊ ಆಮ್ಲಗಳಷ್ಟು ಹೆಚ್ಚು ಉದ್ದವಾಗಿರುವುದರಿಂದಲೇ, ಹಕ್ಕಿಜ್ವರದ ವೈರಾಣು ಮಾನವ ಕೋಶದಲ್ಲಿ ತಡವರಿಸುತ್ತದೆಂಬುದನ್ನು ಲಂಡನ್ನಿನ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಅಲಾಸ್ಕದ ಹಿಮನೆಲದಲ್ಲಿ ಹೂಳಲ್ಪಟ್ಟ ಶವದಿಂದಲೂ ಸಂಗ್ರಹಿಸಿ 2005ರಲ್ಲಿ ಪೂರ್ತಿಯಾಗಿ ಓದಲಾದ 1918ರ ವೈರಾಣುವಿನಲ್ಲಾದರೋ, ನಕಲು ತೆಗೆಯುವ ಯಂತ್ರದ 627ನೆಯ ಸ್ಥಾನವು ಮಾನವ ಪ್ರೋಟೀನಿಗೆ ಒಗ್ಗುವಂತೆ ಬದಲಾಗಿಯೇ ಇತ್ತು.

ಮನೆಗೆ ಕಾವಲುಗಾರರೂ ಇಲ್ಲದಿಲ್ಲ. 1957ರಲ್ಲಿ ವಿಜ್ಞಾನಿಗಳಾದ ಐಸಾಕ್ಸ್, ಲಿಂಡೆನ್‌ಮನ್ನರು ಇದೇ ವೈರಾಣುವಿನ ಬೆನ್ನುಹತ್ತಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಕಂಡರು. ಅದರ ಕರೆಗೆ ಎಚ್ಚರಗೊಳ್ಳುವ ಐಎಫ್‌ಐಟಿಎಂ3 ಎಂಬ ಪ್ರೋಟೀನು ವೈರಾಣುವನ್ನು ಕೋಶದ ಹೊಸ್ತಿಲಲ್ಲೇ ತಡೆಯುತ್ತದೆ. 2009ರ ಮೇ ತಿಂಗಳಲ್ಲಿ ಹೊಸ ಎಚ್1ಎನ್1 ಜ್ವರವು ಭಾರತದಲ್ಲಿ ಮೊದಲು ದೃಢಪಟ್ಟುದು ಹೈದರಾಬಾದಿನಲ್ಲಿ ವಿಮಾನದಿಂದಿಳಿದ ಪ್ರಯಾಣಿಕನಲ್ಲಿ. ಈ ಸಲ ವಾಡಿಯ ಹಂಗು ಬೇಕಾಗಲಿಲ್ಲ. ಆ ಜ್ವರದಿಂದ ಬ್ರಿಟನ್ನಿನ ಆಸ್ಪತ್ರೆ ಸೇರಿದವರನ್ನು ಪರೀಕ್ಷಿಸಿದಾಗ, ಈ ಕಾವಲು ಪ್ರೋಟೀನಿನ ಜೀನು ವಿರಳ ರೂಪದಲ್ಲಿ ಉಳ್ಳವರು ಅವರೊಳಗೆ ನಿರೀಕ್ಷೆಗಿಂತ ಹೆಚ್ಚಿದ್ದುದು 2012ರಲ್ಲಿ ಪ್ರಕಟವಾಯಿತು.