ಕಕ್ಕಡ ಮಳೆಯೂ 40 ವ್ಯಾಟಿನ ಬಲ್ಬೂ

ದುಬಾರೆಯಲ್ಲಿ ಕಾವೇರಿ ತುಂಬಿ ದೋಣಿ ನಿಂತಿತೆಂದರೆ ಆಚೆ ದಡದ ಆನೆ ಶಿಬಿರ ಬಿಕೋ ಎನ್ನುತ್ತದೆ, ಈಚೆ ನನ್ನ ಮೇಜು ತುಂಬುತ್ತದೆ. ಮೂವತ್ತು ವರ್ಷ ಆಸ್ಪತ್ರೆ ಉಪಕರಣ ರಿಪೇರಿ ಮಾಡಿದವನು ನಾನು. ನಾನು ಬಿಚ್ಚಿದ್ದರಲ್ಲಿ ಸವೆದು ಕೆಟ್ಟದ್ದಕ್ಕಿಂತ ಥಂಡಿ ಹಿಡಿದು ಕೆಟ್ಟದ್ದೇ ಹೆಚ್ಚು.

1958ರಲ್ಲಿ ಮಲೇರಿಯಾ ನಿರ್ಮೂಲನಾ ಕಾರ್ಯಕ್ರಮ ಶುರುವಾದ ಮೇಲೆ ಜ್ವರ ಬಂದವರ ಬೆರಳು ಚುಚ್ಚಿ, ರಕ್ತವನ್ನು ಗಾಜಿಗೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದು ದೇಶದುದ್ದಕ್ಕೂ ನಿತ್ಯದ ಕೆಲಸವಾಯಿತು. ನನ್ನ ಕಾಲಕ್ಕೆ ಆ ಮೈಕ್ರೋಸ್ಕೋಪುಗಳಿಗೆ ವಯಸ್ಸಾಗಿತ್ತು. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಊರಿಗೆಲ್ಲ ಮಂಜು, ಮಸೂರದೊಳಗೂ ಮಂಜು. ಬಿಚ್ಚಿ ನೋಡಿದರೆ ಜೇಡರ ಬಲೆಯಂಥ ಬೂಷ್ಟು. ಈಥರ್‌ನಲ್ಲಿ ಅದ್ದಿದ ಹತ್ತಿಯಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿ, ಮರದ ಕಪಾಟಿನಲ್ಲಿ ಸದಾ ಉರಿಯುವ 40 ವ್ಯಾಟಿನ ಬಲ್ಬಿನ ಹತ್ತಿರ ಇಡಲು ಹೇಳಿ ಬರುತ್ತಿದ್ದೆ. ನಾಲ್ಕು ದಿನ ಕರೆಂಟು ಹೋದರೆ ಬೂಷ್ಟು ಮತ್ತೆ ಹಾಜರ್.

ಇನ್ನೊಂದು ಬೀಪಿ ಮೆಷಿನ್. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಪಟ್ಟಿ ಕಟ್ಟಿ ಪಾದರಸ ಏರಿಸಿದ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಸ್ಟೆತೊಸ್ಕೋಪಿನಲ್ಲಿ ಕೇಳುವ ಸದ್ದಿನಿಂದ ಮೇಲಿನ, ಕೆಳಗಿನ ಎರಡೂ ಅಂಕಿ ಹಿಡಿದ. ನಮ್ಮಲ್ಲಿಗೆ ಬರುವ ಮೆಷಿನ್‌ಗಳ ಪಾದರಸಕ್ಕೆ ಕಪ್ಪು ಪೊರೆ ಕಟ್ಟಿ ಅಂಕಿಯೇ ಕಾಣುತ್ತಿರಲಿಲ್ಲ. ಕಾಗದದ ಲಾಳಿಕೆ ಮಾಡಿ, ತುದಿಗೆ ಸೂಜಿ ಚುಚ್ಚಿ ಸೋಸುತ್ತಿದ್ದೆ. ಕೊಳೆ ಕಾಗದಕ್ಕೆ ಅಂಟಿ, ಬೆಳ್ಳಿಯಂಥ ಎಳೆ ಕೆಳಗಿಳಿಯುತ್ತಿತ್ತು. ಒಮ್ಮೆ ನೋಡುತ್ತ ಕೂತಿದ್ದ ಶಿಬಿರದ ಕಾವಾಡಿಯೊಬ್ಬ, "ಜೇನು ಸೋಸ್ದಂಗೇ ಅಲ್ವಾಣ್ಣ!" ಎಂದಿದ್ದ. ಮೇಜಿನ ಮೇಲೆ ಉರುಳಿದ ಹನಿಗಳನ್ನು ಬರಿಗೈಲಿ ಬಾಚುತ್ತಿದ್ದೆ. ಅದರ ಆವಿ ವಿಷವೆಂದು ನನಗೆ ಯಾರೂ ಹೇಳಿರಲಿಲ್ಲ.

ಪಾದರಸದಿಂದ ನರಳಿದ ಜಪಾನಿನ ಊರು ಮಿನಮಾಟ. 2013ರಲ್ಲಿ ಅದರ ಹೆಸರಲ್ಲೇ ಜಾಗತಿಕ ಒಪ್ಪಂದವಾಯಿತು; 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಗಾಜಿನ ಕೊಳವೆಗಳು ಒಂದೊಂದಾಗಿ ಗುಜರಿ ಸೇರಿ, ಗುಂಡಿ ಒತ್ತಿದರೆ ಅಂಕಿ ತೋರಿಸುವ ಡಬ್ಬಿಗಳು ಬಂದವು. ಅವುಗಳ ಬೋರ್ಡು ಕೆಟ್ಟರೆ ರಿಪೇರಿಯಿಲ್ಲ, ಬದಲಾಯಿಸುವುದೇ.

ಮೊನ್ನೆ ಪಕ್ಕದ ಮನೆಯ ಅಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಥದ್ದೊಂದನ್ನು ತಂದರು. ಬ್ಯಾಟರಿ ಕೂರುವಲ್ಲಿ ಹಸಿರು ಕಿಲುಬು. ಮರಳುಕಾಗದದಿಂದ ಉಜ್ಜಿದೆ, ಅಂಕಿ ಬಂತು. ಬಲ್ಬಿನ ಹತ್ತಿರ ಇಡಿ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಅವರ ಮನೆಯಲ್ಲೀಗ ಎಲ್ಲ ಎಲ್‌ಇಡಿ, ಬೆಳಕುಂಟು, ಬಿಸಿಯಿಲ್ಲ.