ದೋಣಿ ತಳದ ಕೆಂಪು ಧೂಳು

ನಾ ಇಂಗ್ಲೆಂಡಿನಾಗ ಮಗನ ಮನಿಯೊಳಗ ಇರೋದು ನಿಮಗೆಲ್ಲಾ ಗೊತ್ತದ. ಹೋದ ತಿಂಗಳ ಅಂವಾ ಒಂದು ಹಳೇ ದೋಣಿ ಕೊಂಡು, ಟ್ರೇಲರ್ ಮ್ಯಾಲೆ ಹೇರಿ, ಕಾರಿನ ಹಿಂದ ಎಳಕೊಂಡು ಬಂದು ಅಂಗಳದಾಗ ನಿಲ್ಲಿಸಿದಾ. 1984ರದು. ತಳಕ್ಕ ಬಳದ ಕೆಂಪು ಬಣ್ಣ ಚಕ್ಕಿ ಚಕ್ಕಿ ಎದ್ದಿತ್ತು. ರವಿವಾರ ಮಶೀನ್ ಹಚ್ಚಿ ಒಣಾ ಒಣಾ ತಿಕ್ಕಲಿಕ್ಕೆ ಹತ್ತಿದಾ. ಧೂಳು ನನ್ನ ಕೊತ್ತಂಬರಿ ಕುಂಡದ ಮ್ಯಾಲೆ, ಹಗ್ಗದ ಮ್ಯಾಲೆ ಒಣಗಿಹಾಕಿದ ಮೊಮ್ಮಗಳ ಫ್ರಾಕಿನ ಮ್ಯಾಲೆ, ಎಲ್ಲಾ ಕಡೆ ಕೂತ್ತು. ಅವನ ಪ್ಯಾಂಟು ಕೂಸಿನ ಅರಿವಿ ಕೂಡ ಒಗಿಲಿಕ್ಕೆ ಹಾಕೋದ್ರಾಗಿದ್ದೆ, ಸೊಸಿ ಓಡಿ ಬಂದ್ಲು. “ಅತ್ತೀ, ತಡೀರಿ! ಅದು ಬರೇ ಬಣ್ಣ ಅಲ್ಲ, ವಿಷ.”

ಬಣ್ಣಕ್ಕ ವಿಷ ಯಾಕ? ನೀರಾಗ ನಿಂತ ದೋಣಿ ತಳಕ್ಕ ಪಾಚಿ, ಚಿಪ್ಪಿನ ಹುಳ ಅಂಟತಾವ, ದೋಣಿ ಓಟ ಕಡಿಮಿ ಆಗ್ತದ. ಕಟಗೀ ಹಡಗಾದ್ರ ಹುಳ ಕೊರದು ತೂತು ಮಾಡ್ತಾವ. ಅದಕ್ಕ 1761ರಾಗ ಬ್ರಿಟಿಷ್ ನೌಕಾಪಡೆಯವರು ‘ಅಲಾರ್ಮ್’ ಅನ್ನೋ ಹಡಗಿನ ತಳಕ್ಕ ತಾಮ್ರದ ತಗಡು ಹೊಡದ್ರು. ಹುಳ ಬರಲಿಲ್ಲ ಖರೆ, ಎರಡು ವರ್ಷ ಬಿಟ್ಟು ನೋಡಿದ್ರ ಕಬ್ಬಿಣದ ಮೊಳಿ ತಿಂದು ಹೋಗಿದ್ವು! ಉಪ್ಪುನೀರಾಗ ತಾಮ್ರ ಮುಟ್ಟಿದ ಕಬ್ಬಿಣ ಲಗೂನ ಸವೀತದ. ತಗಡು ಸುತ್ತಿ ಬಂದಿದ್ದ ಕಂದು ಕಾಗದ ಎಲ್ಲಿ ತಗೀಲಾರದ ಉಳದಿತ್ತೋ, ಅಲ್ಲಿ ಅಷ್ಟ ಮೊಳಿ ಗಟ್ಟಿ ಇದ್ವಂತ. ಯಾರೋ ಮೈಗಳ್ಳ ಬಿಟ್ಟ ಕಾಗದ ಇರಬೇಕು, ನನಗಂತೂ ಭಾಳ ಸೇರಿತು.

ಮುಂದ ತಾಮ್ರ ಬಣ್ಣದೊಳಗ ಬಂತು. 1960ರ ದಶಕದಾಗ ತವರದ ಸಂಯುಕ್ತ ಟಿಬಿಟಿ ಬಂತು, ಅದು ಭಾಳ ಜೋರು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯೊಳಗ ಸಿಂಪಿ ಸಾಕೋರು 1970ರ ದಶಕದ ಕಡೀಗೆ ತಲಿ ಮ್ಯಾಲೆ ಕೈ ಹೊತ್ತು ಕೂತ್ರು. ಚಿಪ್ಪು ವಿಪರೀತ ದಪ್ಪ, ಮರಿ ಉಳೀವಲ್ಲವು. ಇಂಗ್ಲೆಂಡಿನ ದಂಡಿಯೊಳಗ ಬಂಡಿಗಲ್ಲಿಗೆ ಅಂಟಿಕೊಂಡಿರೋ ಒಂದು ಜಾತಿ ಕಡಲ ಬಸವನಹುಳದ ಕಥಿ ಕೇಳಿ ನನ್ನ ಹೊಟ್ಟಿ ಕಲಸಿತು. ಹೆಣ್ಣಿಗೆ ಗಂಡಿನ ಅಂಗ ಬೆಳದು, ತತ್ತಿ ಇಡೋ ದಾರಿ ಮುಚ್ಚಿ, ತತ್ತಿ ಒಳಗ ಇಟ್ಟಕೊಂಡ ಸಾಯತಿದ್ವು. ಒಂದು ಗ್ರಾಮಿನ ನೂರು ಕೋಟಿ ಪಾಲಿನಾಗ ಒಂದೇ ಪಾಲು ವಿಷ ಒಂದು ಲೀಟರ್ ನೀರಾಗ ಇದ್ರ, ಅಂಗ ಬೆಳೀಲಿಕ್ಕೆ ಅಷ್ಟ ಸಾಕು. ಸಣ್ಣ ದೋಣಿಗಳಿಗೆ ಫ್ರಾನ್ಸ್ 1982ರಾಗ ಅದನ್ನ ನಿಲ್ಲಿಸಿತು, ಬ್ರಿಟನ್ 1987ರಾಗ. ದೊಡ್ಡ ಹಡಗು ಸೇರಿಸಿ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬರೋದ್ರಾಗ 2008 ಆತು.

ನಮ್ಮ ದೋಣಿ 1984ರದು. ಲೆಕ್ಕ ನೀವ ಹಾಕ್ರಿ.

ಈಗ ಮಶೀನ್ ಬಂದ್. ನೆಲಕ್ಕ ತಾಡಪಾಲು ಹಾಸಿ, ಮುಖಕ್ಕ ಮಾಸ್ಕ್ ಹಾಕಿ, ನೀರು ಚಿಮಕಿಸಿಕೋತ ಮಗ ಕೈಲೇ ಹೆರೀತಾನ. ಹೆರದ ರಾಡಿ ಮೋರಿಗೆ ಹಾಕೋಹಂಗಿಲ್ಲ, ಡಬ್ಬಿ ತುಂಬಿ ವಿಷದ ಕಸ ತೊಗೊಳೋ ಕಡೆ ಕೊಡಬೇಕು. ಮತ್ತ ಯಾವ ಬಣ್ಣ ಹಚ್ಚತಿ ಅಂದೆ. “ಸಂಜಿಗೆ ಮ್ಯಾಲೆ ಎಳದು ಟ್ರೇಲರ್ ಮ್ಯಾಲೆ ಇಡೋ ದೋಣಿಗೆ ಇದು ಬೇಕಾಗೇ ಇಲ್ಲಬೇ” ಅಂದಾ.

ಕೊತ್ತಂಬರಿ ಕುಂಡ ಮಣ್ಣಿನ ಸಮೇತ ಹೋತು. ಫ್ರಾಕನ್ನೂ ಝಾಡಿಸಲಾರದ ಚೀಲದಾಗ ಕಟ್ಟಿ ಅದೇ ಕಸದ ಕೂಡ ಕೊಟ್ವಿ. ಧಾರವಾಡದಾಗ ಇದ್ದಾಗ ನಾನ ಹೊಲದದ್ದು ಅದು.